ಹಳೆಯ ರೈಫಲ್ಲಿಗೆ ತೋಟಾ ತುಂಬುವಾಗ ಚೇಂಬರಿನ ಒತ್ತಡ ಅಂದಾಜಿಸುವ ಬಗೆ

ಅಮೆರಿಕದ ಸೇನೆ 1873ರಲ್ಲಿ ಬಳಕೆಗೆ ತಂದ ಸ್ಪ್ರಿಂಗ್‌ಫೀಲ್ಡ್ ‘ಟ್ರ್ಯಾಪ್‌ಡೋರ್’ ರೈಫಲ್ಲುಗಳನ್ನು ಅಲ್ಲಿನ ಹವ್ಯಾಸಿಗಳು ಇಂದಿಗೂ ಗುರಿಯಾಟಕ್ಕೆ ಬಳಸುತ್ತಾರೆ, ಅವುಗಳಿಗೆ ಬೇಕಾದ .45-70 ತೋಟಾಗಳನ್ನು ಎಷ್ಟೋ ಮಂದಿ ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲವಾದ್ದರಿಂದ, ಈ ವಿವರಣೆ ಅದಕ್ಕೆ ಕಾನೂನಿನ ಅವಕಾಶವಿರುವ ಕಡೆ ನೆಲೆಸಿರುವ ಓದುಗರಿಗೆ ಮಾತ್ರ.

ಮೊದಲ ಹೆಜ್ಜೆಯೆಂದರೆ ರೈಫಲ್ಲನ್ನು ಹಳೆಯ ಬಂದೂಕುಗಳನ್ನು ಬಲ್ಲ ಗನ್‌ಸ್ಮಿತ್ ಒಬ್ಬರಿಗೆ ತೋರಿಸುವುದು. ನಳಿಗೆಯ ಹಿಂಬದಿ ಮುಚ್ಚುವ ಬ್ರೀಚಿನ ಕೀಲು ಸಡಿಲವಾಗಿದೆಯೇ, ತೋಟಾ ಕೂರುವ ಚೇಂಬರಿನಲ್ಲಿ ತುಕ್ಕು ತಿಂದ ಕುಳಿಗಳಿವೆಯೇ ಎಂಬುದನ್ನು ಅವರು ನೋಡಿ ಒಪ್ಪಿಗೆ ಕೊಡದ ಹೊರತು ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿಲ್ಲ. ಆಮೇಲೆ, ನಳಿಗೆಗೆ ಹೊಂದುವ ಗುಂಡನ್ನು ಆರಿಸಲು, ಮೆತ್ತನೆಯ ಸೀಸದ ಉಂಡೆಯೊಂದನ್ನು ನಳಿಗೆಯೊಳಗೆ ತಳ್ಳಿ ಹೊರತೆಗೆದು, ಅದರ ಅಡ್ಡಳತೆಯನ್ನು ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಒಂದೇ ಮಾದರಿಯ ಹಳೆಯ ನಳಿಗೆಗಳಲ್ಲೂ ಈ ಅಳತೆ ಒಂದರಂತೆ ಒಂದಿರುವುದಿಲ್ಲ.

ಎರಡನೆಯದು ಮಿತಿಯನ್ನು ಗೊತ್ತುಮಾಡಿಕೊಳ್ಳುವುದು. ಅಮೆರಿಕದ ತಯಾರಕರ ಸಂಸ್ಥೆಯಾದ ‘ಸಾಮಿ’ .45-70ಕ್ಕೆ 28,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಗರಿಷ್ಠ ಒತ್ತಡವನ್ನು ನಿಗದಿಪಡಿಸಿದೆ. ಆದರೆ ಲೋಡಿಂಗ್ ಕೈಪಿಡಿಗಳಲ್ಲಿ ಇದೇ ತೋಟಾಕ್ಕೆ ಸಾಮಾನ್ಯವಾಗಿ ಮದ್ದಿನ ತೂಕದ ಮೂರು ಪಟ್ಟಿಗಳಿರುತ್ತವೆ: ಟ್ರ್ಯಾಪ್‌ಡೋರಿಗೆ ಒಂದು, ಹೊಸ ಲಿವರ್ ಆ್ಯಕ್ಷನ್ ರೈಫಲ್ಲುಗಳಿಗೆ ಇನ್ನೊಂದು, ರೂಗರ್ ನಂ. 1ರಂಥ ಗಟ್ಟಿ ಬಂದೂಕುಗಳಿಗೆ ಮತ್ತೊಂದು. ತೋಟಾ ಮೂರರಲ್ಲೂ ಕೂರುತ್ತದೆ ಎಂಬುದೇ ಇಲ್ಲಿನ ಅಪಾಯ. ಹಳೆಯ ಪಟ್ಟಿಗಳಲ್ಲಿ ಕಾಣುವ ಸಿಯುಪಿ ಎಂಬ ಮಾನ ತಾಮ್ರದ ಸಣ್ಣ ಉರುಳೆ ಎಷ್ಟು ಜಜ್ಜಿಹೋಯಿತು ಎಂಬುದರಿಂದ ಬಂದದ್ದು. ಈಗಿನ ಪಿಎಸ್‌ಐ ಅಂಕಿ ವಿದ್ಯುತ್ ಸಂವೇದಕದ್ದು. .45-70ರಲ್ಲಿ ಎರಡೂ 28,000 ಎಂದೇ ಇದ್ದರೂ .30-06ರಲ್ಲಿ 50,000 ಸಿಯುಪಿ ಇದ್ದದ್ದು 60,000 ಪಿಎಸ್‌ಐ ಆಗುತ್ತದೆ. ಎಲ್ಲ ತೋಟಾಗಳಿಗೂ ಹೊಂದುವ ಪರಿವರ್ತನೆಯ ಸೂತ್ರವಿಲ್ಲ.

ಮೂರನೆಯದು ಮದ್ದಿನ ವಿಚಾರ. ಹೆಸರಿನಲ್ಲಿರುವ 70 ಎಂಬುದು ಕಪ್ಪು ಮದ್ದಿನ ಗ್ರೇನ್ ತೂಕ, ಅಂದರೆ ಸುಮಾರು ನಾಲ್ಕೂವರೆ ಗ್ರಾಂ. ಕಪ್ಪು ಮದ್ದನ್ನು ಗುಂಡಿನ ತಳದವರೆಗೆ ಖಾಲಿ ಜಾಗ ಉಳಿಯದಂತೆ ತುಂಬಬೇಕು. ಅದೇ ರೂಢಿಯಲ್ಲಿ ಹೊಗೆರಹಿತ ಮದ್ದನ್ನು ತುಂಬಿದರೆ ಬಂದೂಕೇ ಸಿಡಿಯಬಹುದು. ಹೊಗೆರಹಿತ ಮದ್ದು ಸ್ವಲ್ಪವೇ ಸಾಕಾಗುವುದರಿಂದ ತೋಟಾದ ಈ ದೊಡ್ಡ ಹಿತ್ತಾಳೆಯ ಕೇಸಿನಲ್ಲಿ ಎರಡು ಸಲ ಸುರಿದರೂ ಹಲವೊಮ್ಮೆ ಹೊರಗೆ ಚೆಲ್ಲದು. ಆದ್ದರಿಂದ ಗುಂಡು ಕೂರಿಸುವ ಮೊದಲು ಕೇಸುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಟಾರ್ಚ್ ಹಿಡಿದು ಒಂದೊಂದರಲ್ಲೂ ಮದ್ದಿನ ಮಟ್ಟ ನೋಡುವುದು ಕಡ್ಡಾಯ. ಹಳೆಯ ಕಾಲದ ಕೇಸುಗಳಿಗಿಂತ ಈಗಿನ ದಪ್ಪ ತಳದ ಕೇಸುಗಳಲ್ಲಿ ಒಳಜಾಗ ಕಡಿಮೆ; ಅಷ್ಟೇ ಮದ್ದು ಇವುಗಳಲ್ಲಿ ಹೆಚ್ಚು ಒತ್ತಡ ಹುಟ್ಟಿಸುತ್ತದೆ.

ಇನ್ನು ಒತ್ತಡದ ಕುರುಹುಗಳು. ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಚಪ್ಪಟೆಯಾಗುವುದು, ಕೇಸು ಚೇಂಬರಿನಲ್ಲಿ ಬಿಗಿದುಕೊಳ್ಳುವುದು ಮುಂತಾದವನ್ನು ನೋಡಿ ಮದ್ದು ಏರಿಸುತ್ತಾ ಹೋಗುವ ಅಭ್ಯಾಸ ಹಲವರಿಗಿದೆ. ಹೊಸ ಬೋಲ್ಟ್ ಆ್ಯಕ್ಷನ್ನಿನಲ್ಲೇ ಅದು ಅರೆಬರೆ ನಂಬಿಕೆಯದು. ಟ್ರ್ಯಾಪ್‌ಡೋರಿನಲ್ಲಂತೂ ಪ್ರೈಮರಿನ ಅಂಚು ಮಟ್ಟಸವಾಗುವಷ್ಟು ಒತ್ತಡ ಏರುವ ಹೊತ್ತಿಗೆ 28,000ದ ಗೆರೆ ಎಂದೋ ದಾಟಿಹೋಗಿರುತ್ತದೆ. ಕುರುಹು ಕಾಣಲಿಲ್ಲವೆಂದರೆ ಒತ್ತಡ ಕಡಿಮೆಯಿದೆಯೆಂದು ತಿಳಿಯಕೂಡದು.

ಮನೆಯಲ್ಲಿ ಮಾಡಬಹುದಾದ ಅಂದಾಜಿಗೆ ನಾನು ನೆಚ್ಚುವುದು ವೇಗ ಅಳೆಯುವ ಕ್ರೋನೋಗ್ರಾಫನ್ನು. ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಪ್ರಕಟಿಸಿದ ಟ್ರ್ಯಾಪ್‌ಡೋರ್ ಪಟ್ಟಿಯಿಂದ, ಅದೇ ಗುಂಡು, ಮದ್ದು, ಕೇಸು ಮತ್ತು ಪ್ರೈಮರ್ ಹಿಡಿದು, ಆರಂಭದ ತೂಕದಲ್ಲಿ ಹಾರಿಸಿ ವೇಗ ಬರೆದುಕೊಳ್ಳಬೇಕು. ಕೈಪಿಡಿಯ ಗರಿಷ್ಠ ವೇಗ ಕಡಿಮೆ ಮದ್ದಿನಲ್ಲೇ ಬಂದುಬಿಟ್ಟರೆ ಒತ್ತಡವೂ ಅಲ್ಲಿಗೆ ಮುಟ್ಟಿದೆಯೆಂದೇ ಹಿಡಿದು ನಿಲ್ಲಿಸಬೇಕು. ಕಾಲಾಳಿನ ರೈಫಲ್ಲಿನ ನಳಿಗೆ 32 ಇಂಚಿಗೂ ಮೀರಿದ್ದು, ಕಾರ್ಬೈನಿನದು 22 ಇಂಚು. ಕೈಪಿಡಿಯ ಪರೀಕ್ಷಾ ನಳಿಗೆಯ ಉದ್ದ ಎಷ್ಟೆಂದು ನೋಡದೆ ವೇಗಗಳನ್ನು ಹೋಲಿಸಬಾರದು. ಕಾರ್ಬೈನಿನಲ್ಲಿ ಆ ವೇಗ ತಲುಪಲೇಬೇಕೆಂದು ಮದ್ದು ಏರಿಸುವುದಂತೂ ಸಲ್ಲದು. ಮದ್ದಿನ ಡಬ್ಬಿಯ ಲಾಟ್ (ತಯಾರಿಕೆಯ ಕಂತು) ಸಂಖ್ಯೆ ಬದಲಾದರೂ ಮತ್ತೆ ಆರಂಭದ ತೂಕದಿಂದಲೇ ಶುರುಮಾಡಬೇಕು.