ಡ್ರಾಪ್ಸ್ ಹಾಕಿಸಿಕೊಳ್ಳದೆ ಎದ್ದು ಬರಬೇಡಿ: ಶುಗರ್ ಇರುವವರ ರೆಟಿನಾ ಪರೀಕ್ಷೆ ಹೀಗೆ

ಶುಗರ್ ಇರುವವರು ‘ಕಣ್ಣು ತೋರಿಸಿಕೊಂಡು ಬಂದೆ’ ಅಂದಾಗ ನಾನು ಮೊದಲು ಕೇಳುವುದು, ‘ಡ್ರಾಪ್ಸ್ ಹಾಕಿ ಕೂರಿಸಿದ್ರಾ?’ ಅಂತ. ಹಾಸನ ಸುತ್ತಮುತ್ತ ನಡೆಯುವ ಕಣ್ಣಿನ ಶಿಬಿರಗಳಲ್ಲಿ ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಕೂತು ನೋಡಿದ್ದೇನೆ. ಗೋಡೆ ಮೇಲಿನ ಅಕ್ಷರ ಓದಿ, ಕನ್ನಡಕದ ಚೀಟಿ ತಗೊಂಡು, ಕಣ್ಣಿನ ಕೆಲಸ ಮುಗಿಯಿತು ಅಂದುಕೊಂಡು ಬಸ್ ಹತ್ತುವವರೇ ಜಾಸ್ತಿ. ಅದು ಬರೀ ದೃಷ್ಟಿ ಪರೀಕ್ಷೆ. ಶುಗರ್ ಹಾಳು ಮಾಡುವುದು ಕಣ್ಣಿನ ಹಿಂಭಾಗದ ರೆಟಿನಾವನ್ನು. ಅದನ್ನು ಅಂಚಿನವರೆಗೂ ನೋಡಬೇಕಾದರೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಬೇಕು. ಅಲ್ಲಿನ ತೀರಾ ಸಣ್ಣ ರಕ್ತನಾಳಗಳು ಊದಿಕೊಳ್ಳುತ್ತವೆ, ಸೋರುತ್ತವೆ, ಮುಚ್ಚಿಹೋಗುತ್ತವೆ. ಇಷ್ಟೆಲ್ಲ ಆಗುತ್ತಿದ್ದರೂ ಪೇಪರ್ ಓದಬಹುದು, ಗಾಡಿ ಓಡಿಸಬಹುದು. ನೋವಂತೂ ಇರುವುದೇ ಇಲ್ಲ. ಚೆನ್ನಾಗಿ ಕಾಣುತ್ತಿರುವಾಗಲೇ ಹೋಗಬೇಕು ಅನ್ನುವುದು ಅದಕ್ಕೇ.

ಕಣ್ಣ ಮುಂದೆ ಚುಕ್ಕೆ ಬಂದರೆ

ನೊಣ ಹಾರಿದ ಹಾಗೆ, ಕೂದಲು ತೇಲಿದ ಹಾಗೆ ಕಾಣುವುದಕ್ಕೆ ಡಾಕ್ಟರು ಫ್ಲೋಟರ್ಸ್ ಅನ್ನುತ್ತಾರೆ. ಕಣ್ಣಿನೊಳಗೆ ತುಂಬಿರುವ ಲೋಳೆ ವಯಸ್ಸಾದಂತೆ ನೀರಾಗುತ್ತಾ ಬರುತ್ತದೆ. ಅದರಲ್ಲಿರುವ ಎಳೆಗಳು ಗಂಟುಕಟ್ಟಿ, ಅವುಗಳ ನೆರಳು ರೆಟಿನಾ ಮೇಲೆ ಬೀಳುತ್ತದೆ. 50 ದಾಟಿದವರಿಗೆ, ಮೈನಸ್ ಪವರ್‌ನ ಕನ್ನಡಕ ಹಾಕುವವರಿಗೆ ಇದು ಮಾಮೂಲು. ವರ್ಷಗಳಿಂದ ಹಾಗೇ ಇರುವ ಒಂದೆರಡು ಚುಕ್ಕೆಯಾದರೆ ಮುಂದಿನ ಪರೀಕ್ಷೆಯಲ್ಲಿ ಹೇಳಿದರೆ ಸಾಕು.

ಆದರೆ ಇದ್ದಕ್ಕಿದ್ದ ಹಾಗೆ ತುಂಬಾ ಚುಕ್ಕೆ ಕಂಡರೆ, ಕಪ್ಪು ಅಥವಾ ಕೆಂಪು ಹೊಗೆ ಕವಿದಂತಾದರೆ, ಕಣ್ಣಂಚಿನಲ್ಲಿ ಮಿಂಚು ಹೊಡೆದರೆ, ಪಕ್ಕದಿಂದ ಪರದೆ ಎಳೆದಂತೆ ಕತ್ತಲಾದರೆ ಅವತ್ತೇ ಹೊರಡಿ. ಶುಗರ್‌ನಿಂದ ರಕ್ತ ಸಾಲದೇ ಹೋದ ರೆಟಿನಾದಲ್ಲಿ ಹೊಸ ನಾಳಗಳು ಹುಟ್ಟುತ್ತವೆ. ಅವು ಗಟ್ಟಿ ಇರುವುದಿಲ್ಲ, ಒಡೆದು ಕಣ್ಣಿನೊಳಗೆ ರಕ್ತ ಸುರಿಯುತ್ತದೆ. ಇಲ್ಲವೇ ರೆಟಿನಾ ಹರಿದಿರಬಹುದು. ‘ಪೊರೆ ಬರ್ತಿರಬೇಕು, ಬಲಿಯಲಿ ಬಿಡು’ ಅನ್ನುವವರು ಮನೆಗೊಬ್ಬರು ಇರುತ್ತಾರೆ. ಅವರ ಮಾತು ಕೇಳಬೇಡಿ. ಪೊರೆ ಹೀಗೆ ಬೆಳಗಾಗುವುದರೊಳಗೆ ಬರುವುದಿಲ್ಲ.

ಚುಕ್ಕೆ ಕರಗಿಸುತ್ತೇವೆ ಎಂದು ಮೊಬೈಲ್‌ನಲ್ಲಿ ಬರುವ ಜಾಹೀರಾತು ನಂಬಬೇಡಿ. ಫ್ಲೋಟರ್ಸ್ ಕರಗಿಸುವ ಕಣ್ಣಿನ ಡ್ರಾಪ್ಸ್ ಅನ್ನುವುದು ಇಲ್ಲ. ಜೇನುತುಪ್ಪ, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ, ಸೋಂಕಾಗುತ್ತದೆ. ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನಿಂದ ತಂದ ಸ್ಟಿರಾಯ್ಡ್ ಡ್ರಾಪ್ಸ್ ಇನ್ನೂ ಕೆಟ್ಟದ್ದು. ವಾರಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು.

ಯಾವಾಗ, ಎಲ್ಲಿ

ಟೈಪ್ 2 ಶುಗರ್ ಎಂದು ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಪತ್ತೆಯಾಗುವ ಮೊದಲೇ ಎಷ್ಟೋ ವರ್ಷ ಶುಗರ್ ಇದ್ದಿರಬಹುದು, ಅಲ್ವಾ? ಟೈಪ್ 1 ಇರುವವರು 5 ವರ್ಷದೊಳಗೆ ಶುರು ಮಾಡಬೇಕು. ಮೊದಲೇ ಶುಗರ್ ಇರುವ ಹೆಣ್ಣುಮಕ್ಕಳು ಗರ್ಭಿಣಿಯಾದರೆ ಮೊದಲ 3 ತಿಂಗಳಲ್ಲೇ ತೋರಿಸಬೇಕು.

ಸಕಲೇಶಪುರ, ಆಲೂರು ಕಡೆಯವರು ‘ಕಾಫಿ ಕೊಯ್ಲು ಮುಗೀಲಿ’ ಅಂತ ಮುಂದಕ್ಕೆ ಹಾಕುತ್ತಾರೆ. ಅರೇಬಿಕಾ ಮುಗಿದರೆ ರೋಬಸ್ಟಾ, ಅದು ಮುಗಿಯುವಷ್ಟರಲ್ಲಿ ಬೇಸಿಗೆ. ನನ್ನ ಸಲಹೆ ಇಷ್ಟೇ: ಪ್ರತಿ ವರ್ಷ ಹಾಸನಾಂಬೆ ಬಾಗಿಲು ತೆರೆಯುವುದಕ್ಕೆ ಮೊದಲೇ ಮುಗಿಸಿಬಿಡಿ. ಬಾಗಿಲು ತೆರೆದ ಮೇಲೆ ಊರಿನ ತುಂಬಾ ಜನ, ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ಖಾಸಗಿಯಾದರೂ ಪರವಾಗಿಲ್ಲ, ಕನ್ನಡಕದ ಅಂಗಡಿ ಮಾತ್ರ ಬೇಡ.

ಡ್ರಾಪ್ಸ್ ಹಾಕುವ ದಿನ

ಜನ ಎಡವುವುದೆಲ್ಲ ಇಲ್ಲೇ. ರಕ್ತ ಪರೀಕ್ಷೆ ಅಂದುಕೊಂಡು ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಹನ್ನೊಂದು ಗಂಟೆ ಹೊತ್ತಿಗೆ ಶುಗರ್ ಇಳಿದು ಬೆವತು ಕೈ ನಡುಗುತ್ತದೆ. ತಿಂಡಿ ತಿನ್ನಿ, ಮಾತ್ರೆ ತಗೊಳ್ಳಿ, ಚೀಲದಲ್ಲಿ ಒಂದಷ್ಟು ತಿನ್ನುವುದು ಇಟ್ಕೊಳ್ಳಿ. ಬಿಪಿ ಮಾತ್ರೆ ಬಿಡಲೇಬೇಡಿ. ಬಿಪಿ ಹತೋಟಿಯಲ್ಲಿಟ್ಟರೆ ರೆಟಿನಾ ಕೆಡುವುದು ನಿಧಾನವಾಗುತ್ತದೆ ಎಂದು ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ 1998ರಲ್ಲೇ ತೋರಿಸಿತ್ತು.

ಹಳೇ ಕನ್ನಡಕ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟ್, ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ. ಬೈಕ್ ಬೇಡ. ಮನೆಯಿಂದ ಒಬ್ಬರನ್ನು ಕರೆದುಕೊಂಡು ಬನ್ನಿ.

ಮೊದಲು ಅಕ್ಷರ ಓದಿಸುತ್ತಾರೆ, ಕಣ್ಣಿನ ಒತ್ತಡ ನೋಡುತ್ತಾರೆ, ಆಮೇಲೆ ಡ್ರಾಪ್ಸ್. ಅದಕ್ಕೂ ಮುಂಚೆ ಸಿಸ್ಟರ್‌ಗೆ ಹೇಳಬೇಕಾದ್ದು ಹೇಳಿಬಿಡಿ: ಬಿಪಿ ಇದೆಯಾ, ಹೃದಯದ ತೊಂದರೆ ಇದೆಯಾ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ, ಹೆಚ್ಚಾಗಿ ಒತ್ತಡದಿಂದ ಬರುವ ಕಾಯಿಲೆ) ಇದೆಯಾ, ಯಾವುದಾದರೂ ಔಷಧಿ ಆಗಿಬರುವುದಿಲ್ಲವಾ. ಪಾಪೆ ಅಗಲ ಮಾಡುವ ಕೆಲವು ಡ್ರಾಪ್ಸ್‌ನಲ್ಲಿ ಬಿಪಿ ಏರಿಸುವ ಫೆನೈಲ್‌ಎಫ್ರಿನ್ ಇರುತ್ತದೆ. ನೀವು ಹೇಳಿದರೆ ಬೇರೆಯದು ಹಾಕುತ್ತಾರೆ.

ಹನಿ ಬಿದ್ದಾಗ ಉರಿಯುತ್ತದೆ. ಉಜ್ಜಬೇಡಿ. ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳ ತುದಿಯಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಔಷಧಿ ಗಂಟಲಿಗಿಳಿದು ಬಾಯಿ ಕಹಿಯಾಗುವುದು ತಪ್ಪುತ್ತದೆ. ಸೆರಗಿನಲ್ಲಿ, ಹೆಗಲ ಮೇಲಿನ ಟವೆಲ್‌ನಲ್ಲಿ ಒರೆಸಿಕೊಳ್ಳಬೇಡಿ, ಹತ್ತಿ ಕೇಳಿ ಪಡೆಯಿರಿ. ಸ್ವಲ್ಪ ಹೊತ್ತಿಗೆ ಎರಡನೇ ಸಲ ಹಾಕುತ್ತಾರೆ. ಸಾಮಾನ್ಯವಾಗಿ 20ರಿಂದ 30 ನಿಮಿಷಕ್ಕೆ ಪಾಪೆ ಅಗಲವಾಗುತ್ತದೆ. ಬಹಳ ವರ್ಷದಿಂದ ಶುಗರ್ ಇರುವವರಿಗೆ ಇನ್ನೂ ಹೊತ್ತು ಹಿಡಿಯುತ್ತದೆ, ಮೂರನೇ ಹನಿಯೂ ಬೇಕಾಗಬಹುದು. ಸಿಸ್ಟರ್ ಟಾರ್ಚ್ ಬಿಟ್ಟು ನೋಡುತ್ತಾರೆ. ಬೆಳಕಿಗೆ ಪಾಪೆ ಕುಗ್ಗದೆ ಹಾಗೇ ನಿಂತರೆ ಸಿದ್ಧ, ಕುಗ್ಗಿದರೆ ಮತ್ತೆ ಕೂರಬೇಕು. ಇಲ್ಲೇ ತಾಳ್ಮೆ ಕಳೆದುಕೊಂಡು ‘ಮಧ್ಯಾಹ್ನದ ಬಸ್ ಹೋಗುತ್ತೆ’ ಅಂತ ಎದ್ದು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಾಪೆ ಚಿಕ್ಕದಿದ್ದರೆ ಡಾಕ್ಟರಿಗೆ ರೆಟಿನಾದ ನಡುಭಾಗ ಮಾತ್ರ ಸಿಗುತ್ತದೆ. ಅಂಚು ನೋಡಲು ಆಗುವುದಿಲ್ಲ.

ಡ್ರಾಪ್ಸ್ ಇಲ್ಲದೆ ರೆಟಿನಾ ಫೋಟೊ ತೆಗೆಯುವ ಕ್ಯಾಮೆರಾಗಳೂ ಈಗ ಬಂದಿವೆ. ಫೋಟೊ ಸ್ಪಷ್ಟ ಬಂದರೆ ಒಳ್ಳೆಯದೇ. ಮಸುಕಾಗಿದೆ ಅಂದರೆ ಡ್ರಾಪ್ಸ್ ಹಾಕಿಸಿಕೊಳ್ಳಲೇಬೇಕು. ಚುಕ್ಕೆ, ಮಿಂಚು ಕಾಣಿಸಿಕೊಂಡವರಿಗಂತೂ ಫೋಟೊ ಸಾಲದು.

ಪರೀಕ್ಷೆ ಸುಲಭ. ತಲೆಗೆ ಲೈಟ್ ಕಟ್ಟಿಕೊಂಡ ಡಾಕ್ಟರು ಮೇಲೆ, ಕೆಳಗೆ, ಪಕ್ಕಕ್ಕೆ ನೋಡಿ ಅನ್ನುತ್ತಾರೆ, ನೋಡಿದರೆ ಆಯ್ತು.

ಆಮೇಲೆ ನಾಲ್ಕಾರು ಗಂಟೆ ಬಿಸಿಲು ಕುಕ್ಕುತ್ತದೆ, ಹತ್ತಿರದ್ದು ಮಸುಕು. ಇನ್ಸುಲಿನ್ ತಗೊಳ್ಳುವವರು ಅವತ್ತು ಸಿರಿಂಜಿನ ಗೆರೆಯನ್ನು ಬೇರೆಯವರ ಕೈಲಿ ನೋಡಿಸಿಯೇ ಚುಚ್ಚಿಕೊಳ್ಳಿ. 10ರ ಬದಲು 20 ಆದರೆ ಪ್ರಾಣಕ್ಕೇ ಕುತ್ತು. ಕಣ್ಣು ಕೆಂಪಾಗಿ ವಿಪರೀತ ನೋವು, ವಾಂತಿ, ಬಲ್ಬಿನ ಸುತ್ತ ಬಣ್ಣದ ಬಳೆ ಕಂಡರೆ ತಕ್ಷಣ ಆಸ್ಪತ್ರೆಗೆ ವಾಪಸ್ ಹೋಗಿ. ಒತ್ತಡ ಏರಿರಬಹುದು. ಇದು ಅಪರೂಪ, ಆದರೆ ಗೊತ್ತಿರಬೇಕು.

ಚೀಟಿಯಲ್ಲಿ ಏನು ಬರೆಸಿಕೊಳ್ಳಬೇಕು

‘ಪರವಾಗಿಲ್ಲ’ ಅನ್ನುವ ಮಾತಿಗೆ ತಲೆಯಾಡಿಸಿ ಬರಬೇಡಿ. ರೆಟಿನೋಪತಿ (ಶುಗರ್‌ನಿಂದ ರೆಟಿನಾಗೆ ಆಗುವ ಹಾನಿ) ಇದೆಯಾ, ಇದ್ದರೆ ಯಾವ ಹಂತ, ಮ್ಯಾಕುಲಾದಲ್ಲಿ, ಅಂದರೆ ರೆಟಿನಾದ ನಡುಭಾಗದಲ್ಲಿ, ನೀರು ತುಂಬಿದೆಯಾ, ಮತ್ತೆ ಯಾವಾಗ ಬರಬೇಕು ಎಂದು ಕೇಳಿ ಬರೆಸಿಕೊಳ್ಳಿ. ಹೊಸ ಕನ್ನಡಕದ ಆತುರ ಬೇಡ. ಶುಗರ್ ಏರಿಳಿದರೆ ಕಣ್ಣಿನ ಪವರ್ರೂ ಬದಲಾಗುತ್ತದೆ. ಕೆಲವು ವಾರ ಶುಗರ್ ಒಂದೇ ಮಟ್ಟದಲ್ಲಿ ನಿಂತ ಮೇಲೆ ಮಾಡಿಸಿ, ಇಲ್ಲದಿದ್ದರೆ ದುಡ್ಡು ದಂಡ.

ಮನೆಯಲ್ಲಿ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, ಓದುವ ಕನ್ನಡಕ ಇದ್ದರೆ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ತಾರೀಖಿನ ಚೌಕಗಳನ್ನು ನೋಡಿ. ಗೆರೆ ಡೊಂಕಾಗಿ ಕಂಡರೆ, ಒಂದು ಚೌಕ ಅಳಿಸಿಹೋದಂತೆ ಕಂಡರೆ ಮುಂದಿನ ವರ್ಷದವರೆಗೆ ಕಾಯಬೇಡಿ. ಎರಡೂ ಕಣ್ಣು ತೆರೆದಿದ್ದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಆದರೆ ಇದು ಆಸ್ಪತ್ರೆಯ ಪರೀಕ್ಷೆಗೆ ಬದಲಿಯಲ್ಲ.

ಲೇಸರ್ ಹೇಳಿದರೆ ಮಾಡಿಸಿಕೊಳ್ಳಿ. ‘ಲೇಸರ್ ಆದ ಮೇಲೂ ಜಾಸ್ತಿ ಕಾಣ್ತಿಲ್ಲ’ ಅಂತ ಬೇಸರ ಪಡುವವರು ಬಹಳ. ಅದನ್ನು ಮಾಡುವುದೇ ಇರುವ ದೃಷ್ಟಿ ಉಳಿಸಲು. ಕಣ್ಣಿಗೆ ಕೊಡುವ ಇಂಜೆಕ್ಷನ್ ಒಂದಕ್ಕೆ ಮುಗಿಯುವುದಿಲ್ಲ. ಎಷ್ಟು ಬೇಕಾಗಬಹುದು, ಒಟ್ಟು ಎಷ್ಟು ಖರ್ಚು ಎಂದು ಶುರುವಿನಲ್ಲೇ ಕೇಳಿ ದುಡ್ಡು ಹೊಂದಿಸಿಕೊಳ್ಳಿ. ಮೊದಲನೆಯದಕ್ಕೇ ಚೆನ್ನಾಗಿ ಕಾಣಿಸಿತು ಅಂತ ಎರಡನೆಯದನ್ನು ತಪ್ಪಿಸಬೇಡಿ.