ಅರ್ಧ ಬಿದ್ದ ಮರವನ್ನು ಕೊಯ್ಯುವುದು ಹೇಗೆ?

ಆಶ್ಲೇಷಾ ಮಳೆಯ ಒಂದು ರಾತ್ರಿ ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ಮರವೊಂದು ಮಗುಚಿತು. ಪೂರ್ತಿ ಬೀಳಲಿಲ್ಲ. ಒಂದು ಕಡೆಯ ಬೇರು ಮಣ್ಣು ಸಮೇತ ಮೇಲೆದ್ದಿತ್ತು. ಇನ್ನೊಂದು ಕಡೆಯ ಬೇರು ನೆಲ ಬಿಟ್ಟಿರಲಿಲ್ಲ. ತುದಿ ಹೋಗಿ ಕೆಳಗಿನ ದರೆಯ ಮೇಲೆ ಊರಿಕೊಂಡಿತ್ತು. ಬುಡದಲ್ಲಿ ಆಳೆತ್ತರದ ಮಣ್ಣಿನ ಗೋಡೆ, ಅದರ ಹಿಂದೆ ಒಂದು ಗುಂಡಿ.

ಬೆಳಿಗ್ಗೆ ಮರ ಕೊಯ್ಯುವ ಅಣ್ಣ ಮಿಷನ್ ತಂದಾಗ ನನ್ನ ಚಿಕ್ಕಪ್ಪನ ಮಗ ಆ ಗುಂಡಿಗೆ ಇಳಿದು ಮೆಣಸಿನ ಬಳ್ಳಿ ಬಿಡಿಸುತ್ತಿದ್ದ. "ಮಾರಾಯ, ಮೊದಲು ಅಲ್ಲಿಂದ ಎದ್ದು ಬಾ. ಆಮೇಲೆ ಮಿಷನ್ ಸ್ಟಾರ್ಟ್ ಮಾಡ್ತೀನಿ" ಎಂದರು ಅಣ್ಣ. ಅವನು ಬಂದ, ಬುಟ್ಟಿ ಅಲ್ಲೇ ಉಳಿಯಿತು. ಕಾಂಡ ತುಂಡಾಯಿತು ಅನ್ನುವಷ್ಟರಲ್ಲಿ ಬುಡ ಎದ್ದು ನೆಟ್ಟಗೆ ನಿಂತಿತು. ಗುಂಡಿ ಮುಚ್ಚಿಹೋಯಿತು. ಆ ಬುಟ್ಟಿ ಇವತ್ತಿಗೂ ಅದರ ಅಡಿಯಲ್ಲೇ ಇದೆ.

ಅರ್ಧ ಬಿದ್ದ ಮರವನ್ನು ಬಿದ್ದ ಮರ ಅಂದುಕೊಳ್ಳಬಾರದು. ಅದು ಬಾಗಿಸಿ ಹಿಡಿದ ಬಿಲ್ಲಿನ ಹಾಗೆ. ತುದಿಯ ಭಾರ ಒಂದು ಕಡೆ ಜಗ್ಗುತ್ತಿರುತ್ತದೆ. ಬೇರಿನ ಹೆಂಟೆಯ (ಬೇರು ಮತ್ತು ಅದಕ್ಕೆ ಅಂಟಿದ ಮಣ್ಣಿನ ಗಡ್ಡೆಯ) ಭಾರ ಮತ್ತು ಹರಿಯದೆ ಉಳಿದ ಬೇರು ಇನ್ನೊಂದು ಕಡೆ ಜಗ್ಗುತ್ತಿರುತ್ತವೆ. ನಡುವಿನ ಕಾಂಡವನ್ನು ನೀವು ಕತ್ತರಿಸಿದ ಕೂಡಲೇ ಎರಡೂ ಬಿಟ್ಟುಕೊಳ್ಳುತ್ತವೆ. ಯಾವುದು ಯಾವ ಕಡೆಗೆ ಹೋಗುತ್ತದೆ ಎಂದು ಕೊಯ್ಯುವ ಮೊದಲೇ ಹೇಳಲು ಬರಬೇಕು. ಬಾರದಿದ್ದರೆ ಮಿಷನ್ ಮುಟ್ಟಬಾರದು.

ಚೈನ್ ಸಾ ಹಿಡಿದು ಅಭ್ಯಾಸ ಇಲ್ಲದವರು ಇಂಥ ಮರದ ಮೇಲೆ ಕಲಿಯಲು ಹೋಗಬೇಡಿ. ಆದರೆ ಕೆಲಸ ಮಾಡಿಸುವ ಮನೆಯವರಿಗೂ ಇದೆಲ್ಲ ಗೊತ್ತಿರಬೇಕು. ಮಳೆಗಾಲದಲ್ಲಿ ಮಿಷನ್‌ನವರು ಸಿಗುವುದೇ ಕಷ್ಟ. ಸಿಕ್ಕವರು ಒಂದೇ ದಿನ ನಾಲ್ಕು ಕಡೆ ಹೋಗುವ ಅವಸರದಲ್ಲಿರುತ್ತಾರೆ. "ಸ್ವಲ್ಪ ನಿಲ್ಲಿ, ಇದನ್ನು ನೋಡಿದಿರಾ?" ಎಂದು ಕೇಳಲು ಅಲ್ಲಿ ಒಬ್ಬರಾದರೂ ಇರಬೇಕಲ್ವಾ?

ಮೊದಲು ತಂತಿ

ಮರದ ಹತ್ತಿರ ಹೋಗುವ ಮೊದಲು ದೂರದಲ್ಲೇ ನಿಂತು ವಿದ್ಯುತ್ ತಂತಿ ಎಲ್ಲಿದೆ ನೋಡಿ. ಕೊಂಬೆ ತಂತಿಗೆ ತಾಗಿದ್ದರೆ ಅಥವಾ ತಂತಿ ಹರಿದು ಬಿದ್ದಿದ್ದರೆ ಕನಿಷ್ಠ 10 ಮೀಟರ್ ದೂರ ಉಳಿಯಿರಿ. ಒದ್ದೆ ಮರದಲ್ಲಿ ಕರೆಂಟು ಹರಿಯುತ್ತದೆ, ಒದ್ದೆ ನೆಲದಲ್ಲೂ ಹರಿಯುತ್ತದೆ. "ಊರಿಗೇ ಕರೆಂಟಿಲ್ಲ" ಎಂಬ ಧೈರ್ಯ ಬೇಡ. ಲೈನ್ ಯಾವಾಗ ಬೇಕಾದರೂ ಚಾಲೂ ಆಗಬಹುದು. ಯಾರದೋ ಮನೆಯ ಜನರೇಟರ್‌ನಿಂದ ಕರೆಂಟು ತಿರುಗಿ ಲೈನಿಗೆ ಬರುವುದೂ ಉಂಟು. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ನಿಮ್ಮ ಕಡೆಯ ಲೈನ್‌ಮ್ಯಾನ್‌ಗೂ ತಿಳಿಸಿ. ಅವರು ಬಂದು ಲೈನ್ ತೆಗೆದಿದ್ದೇವೆ ಎಂದು ಬಾಯಿಬಿಟ್ಟು ಹೇಳುವ ತನಕ ಕಾಯಿರಿ.

ಕಾಯುವ ಹೊತ್ತಿನಲ್ಲಿ ಮರದ ನಾಲ್ಕಾರು ಫೋಟೋ ತೆಗೆದಿಡಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಜಾರಿಯಲ್ಲಿದೆ. ಸ್ವಂತ ಜಾಗದ ಮರವಾದರೂ ಹೆಚ್ಚಿನ ಜಾತಿಗಳಿಗೆ ಅನುಮತಿ ಬೇಕು. ಸಿಲ್ವರ್ ಓಕ್, ತೆಂಗು, ನೀಲಗಿರಿ, ಗಾಳಿ ಮರದಂಥ ಕೆಲವಕ್ಕೆ ವಿನಾಯಿತಿ ಇದೆ. ಬೀಟೆ, ತೇಗ, ಶ್ರೀಗಂಧ ಆಗಿದ್ದರೆ ಅರಣ್ಯ ಇಲಾಖೆಗೆ ತಿಳಿಸದೆ ಒಂದು ಕೊಂಬೆಯನ್ನೂ ಸಾಗಿಸಬೇಡಿ. ಬೆಂಗಳೂರಿನಲ್ಲಿದ್ದು ಬೀದಿ ಮರ ವಾಲಿದ್ದರೆ ಪಾಲಿಕೆಯ ಸಹಾಯವಾಣಿ 1533ಕ್ಕೆ ಹೇಳಿ, ನೀವಾಗಿ ಕೈ ಹಾಕಬೇಡಿ.

ಮರವನ್ನು ಓದಿ

ಈ ಕೆಲಸಕ್ಕೆ ಅರ್ಧ ಗಂಟೆ ಹೋದರೂ ಚಿಂತೆ ಇಲ್ಲ. ಮರದ ಎತ್ತರದ ಎರಡು ಪಟ್ಟು ದೂರದಲ್ಲಿ ಒಂದು ಸುತ್ತು ಬನ್ನಿ. ಕೊಯ್ಯುವಾಗ ಮಕ್ಕಳು, ನಾಯಿ, ನೋಡಲು ಬಂದ ಅಕ್ಕಪಕ್ಕದವರು ಎಲ್ಲರೂ ಅಷ್ಟು ದೂರದಲ್ಲೇ ಇರಬೇಕು.

ಮೊದಲು ತಲೆ ಎತ್ತಿ ನೋಡಿ. ಮುರಿದು ಮೇಲೆಯೇ ಸಿಕ್ಕಿಕೊಂಡ ಕೊಂಬೆ ಇದೆಯಾ? ಅದು ಸದ್ದಿಲ್ಲದೆ ಬೀಳುತ್ತದೆ. ಹೆಜ್ಜೇನು, ಕಡಜದ ಗೂಡು ಇದೆಯಾ? ಆಮೇಲೆ ಕಾಂಡ ನೋಡಿ. ಸಿಲ್ವರ್ ಓಕ್‌ಗೆ ಹಬ್ಬಿಸಿದ ಮೆಣಸಿನ ಬಳ್ಳಿ ಕಾಂಡದ ಸೀಳನ್ನು ಪೂರ್ತಿ ಮುಚ್ಚಿಬಿಡುತ್ತದೆ. ದೂರದಿಂದ ಕೋಲಿನಲ್ಲಿ ಸರಿಸಿ ನೋಡಿ. ಕಾಡುಬಳ್ಳಿಗಳು ಪಕ್ಕದ ಮರಕ್ಕೆ ಹೆಣೆದುಕೊಂಡಿದ್ದರೆ ಈ ಮರ ಬೀಳುವಾಗ ಅದರ ಕೊಂಬೆಯನ್ನೂ ಎಳೆದು ತರುತ್ತದೆ.

ಕೊನೆಗೆ ಬುಡ. ಎಷ್ಟು ಬೇರು ಹರಿದಿದೆ, ಎಷ್ಟು ಇನ್ನೂ ನೆಲದಲ್ಲಿದೆ? ವಾಲಿದ ದಿಕ್ಕಿನ ಹಿಂಬದಿಯಲ್ಲಿ ಮಣ್ಣು ಬಿರುಕು ಬಿಟ್ಟಿದೆಯಾ? ಬಿರುಕಿನ ಎರಡೂ ಕಡೆ ಒಂದೊಂದು ಗೂಟ ಹೊಡೆದು ಅಂತರ ಅಳೆದಿಡಿ. ಒಂದು ಗಂಟೆಯ ನಂತರ ಅಂತರ ಜಾಸ್ತಿಯಾಗಿದ್ದರೆ ಮರ ಇನ್ನೂ ಜಾರುತ್ತಿದೆ ಎಂದರ್ಥ. ಆಗ ಯಾರೂ ಹತ್ತಿರ ಹೋಗಬಾರದು. ಮನೆಯ ಕಡೆ ವಾಲಿದ್ದರೆ ಆ ಕೋಣೆ ಖಾಲಿ ಮಾಡಿ. ಬೇಕಾದರೆ ಒಂದು ರಾತ್ರಿ ನೆಂಟರ ಮನೆಯಲ್ಲಿ ಮಲಗಿ.

ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಬೇರು ಆಳಕ್ಕೆ ಹೋಗದೆ ಅಗಲಕ್ಕೆ ಹರಡಿರುತ್ತದೆ. ವಾರಗಟ್ಟಲೆ ನೆನೆದ ಮೇಲಿನ ಮಣ್ಣು ಅದನ್ನು ಹಿಡಿದುಕೊಳ್ಳಲಾರದು. ಕರಾವಳಿ ಮಲೆನಾಡಿನಲ್ಲಿ ಅಕೇಶಿಯಾ ಮರಗಳು ಚಾಪೆ ಎತ್ತಿದ ಹಾಗೆ ಬುಡ ಸಮೇತ ಏಳುವುದು ಇದೇ ಕಾರಣಕ್ಕೆ. ಮಳೆ ಸುರಿಯುತ್ತಿರುವಾಗ, ಗಾಳಿ ಬೀಸುತ್ತಿರುವಾಗ, ಸಂಜೆಯ ಮಬ್ಬಿನಲ್ಲಿ ಈ ಕೆಲಸ ಬೇಡವೇ ಬೇಡ.

ಮಿಷನ್ ಮತ್ತು ಮೈ

ಚೈನ್ ಸಾದ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಲುಂಗಿ ಎತ್ತಿ ಕಟ್ಟಿ, ಚಪ್ಪಲಿ ಹಾಕಿಕೊಂಡು ಅದನ್ನು ಹಿಡಿಯುವವರನ್ನು ಕಂಡಾಗಲೆಲ್ಲ ನನಗೆ ಎದೆ ಧಸಕ್ ಎನ್ನುತ್ತದೆ. ಹೆಲ್ಮೆಟ್, ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ, ಜಾರದ ಗಟ್ಟಿ ಬೂಟು ಬೇಕೇ ಬೇಕು. ಚೈನ್ ಸಾಗೆಂದೇ ಮಾಡಿದ ಪ್ಯಾಂಟು ಬರುತ್ತದೆ. ಚೈನು ತಾಗಿದರೆ ಅದರೊಳಗಿನ ಉದ್ದ ನಾರು ಹೊರಬಂದು ಗಾಲಿಗೆ ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತದೆ. ಇದಕ್ಕೆ ದುಡ್ಡು ಖರ್ಚಾಗುತ್ತದೆ, ನಿಜ. ಆದರೆ ತೊಡೆಯ ರಕ್ತನಾಳ ಕತ್ತರಿಸಿದರೆ ತೋಟದಿಂದ ಆಸ್ಪತ್ರೆ ಮುಟ್ಟುವಷ್ಟು ಸಮಯ ಇರುವುದಿಲ್ಲ.

ಎರಡೂ ಕೈಯಲ್ಲಿ ಹಿಡಿಯಬೇಕು, ಎಡಗೈ ಹೆಬ್ಬೆರಳು ಹಿಡಿಯ ಸುತ್ತ ಬಿಗಿಯಾಗಿರಬೇಕು. ಭುಜಕ್ಕಿಂತ ಮೇಲೆ ಕೊಯ್ಯಬಾರದು. ಏಣಿಯ ಮೇಲೆ ನಿಂತು ಕೊಯ್ಯಲೇಬಾರದು. ಬಾರ್‌ನ (ಚೈನು ಸುತ್ತುವ ಉದ್ದ ಪಟ್ಟಿಯ) ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ ಮಿಷನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಚಿಮ್ಮುತ್ತದೆ. ಚೈನ್ ಬ್ರೇಕ್ ಇರುವುದು ಅದಕ್ಕೇ. ಶುರು ಮಾಡುವ ಮೊದಲೇ ಅದು ಹಿಡಿಯುತ್ತದಾ ಪರೀಕ್ಷಿಸಿ.

ಒಬ್ಬರೇ ಹೋಗಬೇಡಿ. ಮಿಷನ್ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಕೈ ಎತ್ತಿದರೆ ನಿಲ್ಲಿಸಬೇಕು, ಸೀಟಿ ಊದಿದರೆ ಓಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಜತೆಯವರ ಕೈಯಲ್ಲಿ ಫೋನು ಮತ್ತು ಶುಭ್ರ ಬಟ್ಟೆಯ ಗಂಟು ಇರಲಿ. ಗಾಯವಾದರೆ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಬೇಕು. ತೋಟದೊಳಗೆ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದೂ ಮೊದಲೇ ನೋಡಿಟ್ಟುಕೊಳ್ಳಿ.

ಓಡುವ ದಾರಿಯನ್ನು ಕತ್ತಿಯಲ್ಲಿ ಸವರಿ ಸಿದ್ಧ ಮಾಡಿ. ಮರ ಬೀಳುವ ದಿಕ್ಕಿಗೆ ಬೆನ್ನು ಹಾಕಿ ನೇರ ಹಿಂದಕ್ಕೆ ಓಡಬಾರದು, ಓರೆಯಾಗಿ ಹಿಂದಕ್ಕೆ ಹೋಗಬೇಕು. ಕಾಂಡದ ಬುಡ ಹಿಂದಕ್ಕೆ ಒದೆಯುವುದು ನೇರವಾಗಿಯೇ.

ತುದಿ ನೆಲಕ್ಕೆ ಊರಿದ್ದರೆ

ನಮ್ಮ ಸಿಲ್ವರ್ ಓಕ್ ಇದ್ದದ್ದು ಹೀಗೆಯೇ. ಇಲ್ಲಿ ಜನ ಮಾಡುವ ದೊಡ್ಡ ತಪ್ಪು ತುದಿಯಿಂದ ಶುರು ಮಾಡುವುದು. ಕೊಂಬೆ ಒಂದೊಂದಾಗಿ ಕಡಿದಂತೆ ತುದಿಯ ಭಾರ ಇಳಿಯುತ್ತ ಹೋಗುತ್ತದೆ. ಒಂದು ಹಂತದಲ್ಲಿ ಬೇರಿನ ಭಾರವೇ ಹೆಚ್ಚಾಗಿ ಉಳಿದ ಮರ ಪೂರ್ತಿ ಎದ್ದು ನಿಲ್ಲುತ್ತದೆ. ಅದರ ಮೇಲೆ ಹತ್ತಿ ನಿಂತವನ ಗತಿ ಏನು? ಹಾಗಾಗಿ ದಾರಿಗೆ ಅಡ್ಡ ಬರುವ ಸಣ್ಣ ಕೊಂಬೆ ಮಾತ್ರ ಸವರಿ. ನೆಲಕ್ಕೆ ಊರಿರುವ ದಪ್ಪ ಕೊಂಬೆಗಳನ್ನು ಬುಡದಿಂದ ಕಾಂಡ ಬೇರೆಯಾಗುವ ತನಕ ಮುಟ್ಟಬೇಡಿ.

ಮೊದಲು ಬೇರಿನ ಹೆಂಟೆಯನ್ನು ಕಟ್ಟಿಹಾಕಬೇಕು. ಟ್ರ್ಯಾಕ್ಟರ್ ವಿಂಚ್ (ಹಗ್ಗ ಸುತ್ತಿ ಎಳೆಯುವ ಸಾಧನ) ಅಥವಾ ಕೈಯಲ್ಲಿ ತಿರುಗಿಸುವ ವಿಂಚ್ ಇದ್ದರೆ ಉಕ್ಕಿನ ಹಗ್ಗದಿಂದ ಬಿಗಿಯಿರಿ. ಜೆಸಿಬಿ ಸಿಕ್ಕರೆ ಬಕೆಟ್ ಒತ್ತಿ ಹಿಡಿಯಲಿ. ಗುಂಡಿಯಲ್ಲಿ ಯಾರೂ ಇಲ್ಲ ಎಂದು ಕಣ್ಣಾರೆ ನೋಡಿ, ಪ್ರತಿ ಸಲವೂ. ಮಕ್ಕಳಿಗೆ ಆ ಗುಂಡಿ ಅಡಗುವ ಮನೆಯ ಹಾಗೆ ಕಾಣುತ್ತದೆ, ಅಲ್ವಾ?

ಹೆಂಟೆ ಹಿಂದಕ್ಕೆ ಕೂರುತ್ತದಾ, ಮುಂದಕ್ಕೆ ಮಗುಚುತ್ತದಾ? ದರೆಯ ಅಂಚಿನಲ್ಲಿದ್ದರೆ, ಅಥವಾ ನೆಟ್ಟಗಿನ ಗೋಡೆಯ ಹಾಗೆ ಪೂರ್ತಿ ಎದ್ದಿದ್ದರೆ, ಅದು ಕೊಯ್ಯುವವನ ಮೇಲೆಯೇ ಬರಬಹುದು. ಹಾಗಿದ್ದಾಗ ಬುಡದ ಹತ್ತಿರ ಕೊಯ್ಯಬೇಡಿ. ಕಾಂಡದ ಉದ್ದ ತುಂಡನ್ನು ಬುಡದ ಜೊತೆಗೇ ಬಿಡಿ. ಅದು ಊರುಗೋಲಿನ ಹಾಗೆ ಹೆಂಟೆಯನ್ನು ತಡೆಯುತ್ತದೆ. ಎರಡಡಿ ನಾಟಾ ಉಳಿಸುವ ಆಸೆಗೆ ಬುಡಕ್ಕೆ ಹೋಗಿ ನಿಲ್ಲಬೇಡಿ.

ಈಗ ಕೊಯ್ಯುವ ಜಾಗ ನೋಡಿ. ಬಾಗಿದ ಕಾಂಡದ ಒಂದು ಮೈ ಒತ್ತಿಕೊಂಡಿರುತ್ತದೆ, ಎದುರು ಮೈ ಸೆಳೆದುಕೊಂಡಿರುತ್ತದೆ. ಹಸಿ ಕೋಲೊಂದನ್ನು ಬಗ್ಗಿಸಿ ನೋಡಿದರೆ ತಿಳಿಯುತ್ತದೆ. ಒಳಮೈ ಸುಕ್ಕಾಗುತ್ತದೆ, ಹೊರಮೈ ಬಿಗಿಯುತ್ತದೆ. ಎರಡು ತುದಿ ಊರಿ ನಡು ಜೋತಿದ್ದರೆ ಮೇಲ್ಮೈ ಒತ್ತಿಕೊಂಡಿದೆ, ಕೆಳಮೈ ಸೆಳೆದುಕೊಂಡಿದೆ. ಒತ್ತಿಕೊಂಡ ಕಡೆಯಿಂದ ಮೊದಲು, ದಪ್ಪದ ಮೂರನೇ ಒಂದು ಭಾಗಕ್ಕೆ ಮೀರದಷ್ಟು ಕೊಯ್ಯಿರಿ. ಇನ್ನೂ ಒಳಗೆ ಹೋದರೆ ಬಾರ್ ಕಚ್ಚಿಕೊಳ್ಳುತ್ತದೆ. ಆಮೇಲೆ ಸೆಳೆದ ಕಡೆಯಿಂದ ಸ್ವಲ್ಪ ಸ್ವಲ್ಪವೇ ಕೊಯ್ಯುತ್ತ ಮೊದಲ ಕೊಯ್ತಕ್ಕೆ ಸೇರಿಸಿ. ಸೀಳು ಬಾಯಿ ಬಿಡುವುದು ಕಾಣಿಸುತ್ತದೆ, ಚಟಚಟ ಸದ್ದು ಕೇಳಿಸುತ್ತದೆ. ಆಗ ಅವಸರ ಮಾಡದೆ ನಿಧಾನವಾಗಿ ಮುಗಿಸಿ.

ಪಕ್ಕಕ್ಕೆ ಬಾಗಿದ ಕಾಂಡವಾದರೆ ನಿಲ್ಲುವ ಜಾಗ ಇನ್ನೂ ಮುಖ್ಯ. ಸೆಳೆದ ಕಡೆಗೇ ಕಾಂಡ ಬೀಸಿ ಹೊಡೆಯುತ್ತದೆ. ಒತ್ತಿಕೊಂಡ ಕಡೆ ನಿಲ್ಲಬೇಕು. ಇಳಿಜಾರಿನಲ್ಲಿ ಯಾವಾಗಲೂ ಮೇಲ್ಗಡೆ ನಿಲ್ಲಬೇಕು. ಇವೆರಡೂ ಒಂದೇ ಕಡೆ ಕೂಡಿ ಬರದಿದ್ದರೆ ಕೊಯ್ಯುವ ಜಾಗವನ್ನೇ ಬದಲಿಸಿ. ಒಂದೂವರೆ ಅಡಿ ದಪ್ಪ, 10 ಅಡಿ ಉದ್ದದ ಹಸಿ ತುಂಡು 400 ಕಿಲೋ ಹತ್ತಿರ ತೂಗುತ್ತದೆ. ಅದು ಉರುಳಿದರೆ ಕೈಯಲ್ಲಿ ತಡೆಯುವ ಮಾತೇ ಇಲ್ಲ.

ಬಾರ್ ಕಚ್ಚಿಕೊಂಡರೆ ಮಿಷನ್ ಆಫ್ ಮಾಡಿ, ಪ್ಲಾಸ್ಟಿಕ್ ಬೆಣೆ ಹೊಡೆದು ಬಿಡಿಸಿ. ಚೈನು ಓಡುತ್ತಿರುವಾಗ ಜಗ್ಗಬೇಡಿ.

ವಾಲಿ ನಿಂತಿದ್ದರೆ, ಇನ್ನೊಂದು ಮರಕ್ಕೆ ಒರಗಿದ್ದರೆ

ಬೇರು ಕಿತ್ತ ಮರಕ್ಕೆ ಹತ್ತಬಾರದು. ಪ್ರತಿ ವರ್ಷ ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಮಾಡಿ ಪಳಗಿದವರೂ ಹತ್ತಬಾರದು. ನಿಂತಲ್ಲೇ ಕೊಯ್ಯುವುದಕ್ಕಿಂತ ದೂರದಿಂದ ಎಳೆದು ಮಲಗಿಸಿ, ಆಮೇಲೆ ಕೊಯ್ಯುವುದು ಒಳ್ಳೆಯದು. ಹಗ್ಗ ಮರದ ಎತ್ತರದ ಎರಡು ಪಟ್ಟಾದರೂ ಉದ್ದ ಇರಲಿ. ಬಿಗಿದ ಹಗ್ಗದ ಪಕ್ಕ ಯಾರೂ ನಿಲ್ಲಬಾರದು, ಕಡಿದರೆ ಅದು ಚಾಟಿಯಾಗುತ್ತದೆ.

ವಾಲಿದ ಮರವನ್ನು ಹಿಂದಿನಿಂದ ಸುಮ್ನೆ ಕೊಯ್ಯುತ್ತ ಹೋದರೆ ಅರ್ಧಕ್ಕೆ ಬರುವಷ್ಟರಲ್ಲಿ ಕಾಂಡ ಉದ್ದಕ್ಕೆ ಸೀಳಿ, ಹಿಂದಿನ ಹೋಳು ಕೊಯ್ಯುವವನ ಮುಖಕ್ಕೆ ಎದ್ದು ಹೊಡೆಯುತ್ತದೆ. ತಿಳಿದವರು ವಾಲಿದ ಕಡೆ ಸಣ್ಣ ಕಚ್ಚು ಹಾಕಿ, ಬಾರನ್ನು ಪಕ್ಕದಿಂದ ಕಾಂಡದ ನಡುವೆ ತೂರಿಸುತ್ತಾರೆ. ಮುಂದೆ ಬಾಗಿಲ ಬಿಜಾಗರಿಯ ಹಾಗೆ ಒಂದು ಪಟ್ಟಿ ಬಿಡುತ್ತಾರೆ, ಹಿಂದೆ ಹಿಡಿದುಕೊಳ್ಳಲು ಇನ್ನೊಂದು ಪಟ್ಟಿ. ಹಿಂದಿನದನ್ನು ಕಟ್ಟಕಡೆಗೆ ಕತ್ತರಿಸುತ್ತಾರೆ. ಬಾರ್‌ನ ಮೂತಿ ಒಳಗೆ ತೂರಿಸುವುದು ಅಪಾಯದ ಕೆಲಸ. ನಿಮ್ಮ ಮಿಷನ್‌ನವರಿಗೆ ಇದು ಗೊತ್ತಿದೆಯಾ ಎಂದು ನೇರವಾಗಿ ಕೇಳಿ. ಗೊತ್ತಿಲ್ಲ ಎಂದರೆ ಜೆಸಿಬಿ ಕರೆಸಿ.

ಇನ್ನೊಂದು ಮರಕ್ಕೆ ಒರಗಿದ್ದರೆ ಆಧಾರ ಕೊಟ್ಟ ಮರವನ್ನು ಕಡಿಯಬೇಡಿ. ಕೆಳಗಿನಿಂದ ತುಂಡು ತುಂಡಾಗಿ ಕೊಯ್ಯಬೇಡಿ. ಅದರ ಕೆಳಗೆ ಹಾದು ಕೂಡ ಹೋಗಬೇಡಿ. ಬುಡಕ್ಕೆ ಹಗ್ಗ ಹಾಕಿ ಹಿಂದಕ್ಕೆ ಎಳೆಯುವುದೊಂದೇ ದಾರಿ. ಅವತ್ತು ಆಗಲಿಲ್ಲ ಎಂದರೆ ಸುತ್ತ ಹಗ್ಗ ಕಟ್ಟಿ, ಕೆಂಪು ಬಟ್ಟೆ ತೂಗುಹಾಕಿ, ಕೆಲಸಕ್ಕೆ ಬರುವ ಎಲ್ಲರಿಗೂ ಹೇಳಿ ಮನೆಗೆ ಹೋಗಿ.

ಕೊಯ್ದ ಮೇಲೆ

ಕಾಂಡ ಸಾಗಿಸಿದ ಮೇಲೂ ಎದ್ದು ನಿಂತ ಬೇರಿನ ಹೆಂಟೆಯನ್ನು ಹಾಗೇ ಬಿಟ್ಟು ಹೋಗಬೇಡಿ. ಎರಡು ಮಳೆ ಬಿದ್ದು ಮಣ್ಣು ಉದುರಿದರೆ ತೂಕ ಬದಲಾಗಿ ಅದು ಯಾವಾಗ ಬೇಕಾದರೂ ಕೂರಬಹುದು, ಮಗುಚಬಹುದು. ಜೆಸಿಬಿ ಇರುವಾಗಲೇ ಒತ್ತಿ ಗುಂಡಿಗೆ ಕೂರಿಸಿ, ಮಣ್ಣು ತುಂಬಿಸಿ. ಗುಂಡಿಗೆ ಕೈ ಹಾಕುವ ಮೊದಲು ಕೋಲಾಡಿಸಿ, ಬೇರಿನ ಸಂದಿ ಹಾವಿಗೆ ಇಷ್ಟದ ಜಾಗ.

ಆಮೇಲೆ ಪಕ್ಕದ ಮರಗಳ ಬುಡಕ್ಕೂ ಒಮ್ಮೆ ಹೋಗಿ ಬನ್ನಿ. ಇಷ್ಟು ದಿನ ಈ ಮರ ಅವಕ್ಕೆ ಗಾಳಿಗೆ ಮರೆಯಾಗಿತ್ತು. ನಮ್ಮ ತೋಟದಲ್ಲಿ ಆ ಸಿಲ್ವರ್ ಓಕ್ ಹೋಗಿ ಒಂಬತ್ತು ದಿನಕ್ಕೆ ಅದರ ಹಿಂದಿನ ಮರದ ಬುಡದಲ್ಲಿ ಬೆರಳು ತೂರುವಷ್ಟು ಬಿರುಕು ಕಂಡಿತು. ಎರಡು ಗೂಟ ಹೊಡೆದು, ಅಳೆದು, ಅಣ್ಣನಿಗೆ ಫೋನ್ ಮಾಡಿದೆವು.