ಅಮೆರಿಕದ ಪತ್ರಿಕೆಗಳ ಮಹಿಳಾ ಪುಟದ ಇತಿಹಾಸವನ್ನು ಅಧ್ಯಯನ ಮಾಡುವ ಬಗೆ

ಮದುವೆ, ಫ್ಯಾಷನ್ ಮತ್ತು ಅಡುಗೆಯ ಪುಟವೆಂದು ಮಹಿಳಾ ಪುಟವನ್ನು ಬದಿಗಿಡುವ ಮೊದಲು, ಒಂದೇ ಪತ್ರಿಕೆಯ ಒಂದು ವಾರದ ಸಂಚಿಕೆಗಳನ್ನು 1949, 1959, 1969 ಹೀಗೆ ಹತ್ತು ವರ್ಷಗಳ ಅಂತರದಲ್ಲಿ ಆರಿಸಿಕೊಂಡು, ಯಾವ ವಿಷಯಕ್ಕೆ ಎಷ್ಟು ಜಾಗ ಸಿಕ್ಕಿದೆ ಎಂದು ಅಳೆದು ನೋಡಿ. ‘ಮಯಾಮಿ ಹೆರಾಲ್ಡ್’ ಇದಕ್ಕೆ ಒಳ್ಳೆಯ ಆಯ್ಕೆ, ಏಕೆಂದರೆ ಅಲ್ಲಿ ಮಹಿಳಾ ಪುಟದ ಸಂಪಾದಕಿ ಡೊರೊಥಿ ಜರ್ನಿ ಮತ್ತು ಅವರ ನಂತರ ಬಂದ ಮೇರಿ ಆ್ಯಂಡರ್ಸನ್ ಈ ಪುಟಕ್ಕೆ ಗಂಭೀರ ವರದಿಗಾರಿಕೆಯನ್ನು ತಂದರು. 1956ರಿಂದ 1984ರವರೆಗೆ ‘ಡಲ್ಲಾಸ್ ಟೈಮ್ಸ್ ಹೆರಾಲ್ಡ್’ನಲ್ಲಿದ್ದ ಸಂಪಾದಕಿ ವಿವಿಯನ್ ಕ್ಯಾಸಲ್‌ಬೆರಿ ಕೌಟುಂಬಿಕ ಹಿಂಸೆಯಂತಹ ವಿಷಯಗಳನ್ನು ಎತ್ತಿಕೊಂಡರು; ಮುಖಪುಟ ಅಂಥವನ್ನು ಸುದ್ದಿಯೆಂದೇ ಎಣಿಸದಿದ್ದ ಕಾಲವದು.

ಹೆಸರು ಹುಡುಕುವಾಗ ಎಚ್ಚರ ಬೇಕು. ವಿವಾಹಿತ ಮಹಿಳೆಯರನ್ನು ಗಂಡನ ಹೆಸರಿನಿಂದಲೇ ಅಚ್ಚು ಹಾಕುವ ರೂಢಿಯಿತ್ತು. ಹತ್ತೊಂಬತ್ತನೆಯ ಶತಮಾನದ ಪತ್ರಕರ್ತೆ ಜೇನ್ ಕನಿಂಗ್‌ಹ್ಯಾಮ್ ಕ್ರೋಲಿ ‘ಜೆನ್ನಿ ಜೂನ್’ ಎಂಬ ಕಾವ್ಯನಾಮದಲ್ಲಿ ಬರೆದರು. ಆದ್ದರಿಂದ ಪ್ರತಿ ಸಂಪಾದಕಿಯ ಎಲ್ಲ ಹೆಸರುಗಳ ಪಟ್ಟಿಯನ್ನು ಮೊದಲೇ ಮಾಡಿಕೊಳ್ಳುವುದು ಲೇಸು.

ಪುಟದಲ್ಲಿ ಕಾಣದ ಸಂಗತಿಗಳು, ಅಂದರೆ ವೇತನದ ತಾರತಮ್ಯ, ತಡೆದ ಬಡ್ತಿ, ಮೇಲಧಿಕಾರಿಗಳೊಂದಿಗಿನ ಜಟಾಪಟಿ, ಪತ್ರಗಳಲ್ಲೂ ಮೌಖಿಕ ಸಂದರ್ಶನಗಳಲ್ಲೂ ಸಿಗುತ್ತವೆ. ಸಂಪಾದಕಿ ಮಾರ್ಜ್ ಪ್ಯಾಕ್ಸನ್ ಅವರ ಕೊಡುಗೆಯಿಂದ ಆರಂಭವಾದ, ಮಾಧ್ಯಮದಲ್ಲಿನ ಮಹಿಳೆಯರ ದಾಖಲೆಗಳಿರುವ ಮಿಸೌರಿಯ ಸಂಗ್ರಹವನ್ನು, 1960ರಲ್ಲಿ ಅದೇ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಶುರುವಾದ, ಉತ್ತಮ ಮಹಿಳಾ ಪುಟಗಳಿಗೆ ಕೊಡುತ್ತಿದ್ದ ಪೆನ್ನಿ-ಮಿಸೌರಿ ಪ್ರಶಸ್ತಿಯ ವಿಜೇತರ ಪಟ್ಟಿಯೊಂದಿಗೆ ಹೋಲಿಸಿ ಓದಿ.

1969ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ತನ್ನ ಮಹಿಳಾ ವಿಭಾಗದ ಬದಲು, ಎಲ್ಲ ಓದುಗರಿಗಾಗಿ ‘ಸ್ಟೈಲ್’ ಎಂಬ ವಿಭಾಗವನ್ನು ಆರಂಭಿಸಿತು, ಇತರ ಪತ್ರಿಕೆಗಳೂ ಅದೇ ಹಾದಿ ಹಿಡಿದವು. ಇದನ್ನು ಬರೀ ಪ್ರಗತಿಯೆಂದು ಬರೆದುಬಿಡಬೇಡಿ: ಹೊಸ ವಿಭಾಗಗಳ ಚುಕ್ಕಾಣಿ ಅನೇಕ ಕಡೆ ಪುರುಷರ ಕೈಸೇರಿ, ಹಳೆಯ ಸಂಪಾದಕಿಯರು ಹುದ್ದೆ ಕಳೆದುಕೊಂಡರು.